ಕರೆಮ್ಮನ ಉಡಿಯಲ್ಲಿ ಸಿಕ್ಕ ಮೊಟ್ಟೆಗಳ ಬಗ್ಗೆ

ಭೀಮಾ ದಂಡೆಯ ಉಸುಕಿನ ದಿಬ್ಬಗಳನ್ನು ಉಳಿಸುವ ಯೋಜನೆಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ ಎಂದು ಶುರು ಮಾಡುವುದು ರೂಢಿ, ಅದಕ್ಕಾಗಿ ಮಾಡಿದ್ದೇನೆ. ನನ್ನ ಅತ್ತೆ ಕರೆಮ್ಮ ಹೊಳೆಹಕ್ಕಿಯ ಮೊಟ್ಟೆ ಕದ್ದಳೆಂದು ನಿಮ್ಮ ಕಚೇರಿ ಕೇಸು ಹಾಕಿದೆ. ಯಾವ ದಿಬ್ಬದ ಮೇಲಿನ ಜಾಲಿಮುಳ್ಳನ್ನು ಆಕೆ ಕೈಯಾರೆ ಕಿತ್ತು ಬಯಲು ಮಾಡಿಕೊಟ್ಟಳೋ ಅದೇ ದಿಬ್ಬಕ್ಕೆ ಆಕೆ ಅಕ್ರಮವಾಗಿ ನುಗ್ಗಿದಳಂತೆ. ಯಾವ ಹಕ್ಕಿ ತಿರುಗಿ ಬರಲಿ ಎಂದು ನೀವು ಆಕೆಯ ಅಂಗಳದಲ್ಲಿ ಕೂತು ಹಾರೈಸಿದಿರೋ ಅದೇ ಹಕ್ಕಿಗೆ ಆಕೆ ವೈರಿಯಂತೆ. ಇದನ್ನು ಎದುರಿಗೇ ಕೇಳಬೇಕೆಂದು ನಿಮ್ಮ ಕಚೇರಿಗೆ ಹಲವು ಸಲ ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸಾಹೇಬರು ಕಲಬುರಗಿಗೆ ಹೋಗಿದ್ದಾರೆ, ಸಾಹೇಬರು ಈಗಷ್ಟೇ ಹೊರಟರು. ಬಾಗಿಲಲ್ಲಿ ನಿಮ್ಮ ಜೀಪು ನಿಂತಿದ್ದ ದಿನವೂ ನೀವು ಈಗಷ್ಟೇ ಹೊರಟಿದ್ದಿರಿ. ಹಾಗಾಗಿ ಪತ್ರಿಕೆಗೆ ಬರೆಯುತ್ತಿದ್ದೇನೆ. ಮೀಟಿಂಗಿನಲ್ಲಿ ಪತ್ರಿಕೆಯನ್ನಾದರೂ ಓದುತ್ತೀರಿ ಎಂಬ ನಂಬಿಕೆ ಇದೆ.

ಓದುವವರಿಗೆ ನಾನು ಯಾರೆಂದು ಗೊತ್ತಿರಲಿ. ನಾನು ಸುರಪುರದಲ್ಲಿ ಹುಟ್ಟಿ, ಭೀಮಾ ದಂಡೆಯ ಊರೊಂದಕ್ಕೆ ಸೊಸೆಯಾಗಿ ಬಂದವಳು. ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇಟ್ಟಿದ್ದೇನೆ. ನನ್ನ ಗಂಡನ ಮನೆಯವರು ಹೊಳೆಯ ಜನ. ನೀರಿದ್ದಾಗ ಮೀನು ಹಿಡಿಯುತ್ತಾರೆ. ನೀರಿಳಿದು ಉಸುಕು ಕಂಡಾಗ ಅದರಲ್ಲಿ ಗುಂಡಿ ತೋಡಿ, ಗೊಬ್ಬರ ತುಂಬಿ, ಕಲ್ಲಂಗಡಿ, ಸೌತೆ ಬೆಳೆಯುತ್ತಾರೆ. ಈ ಉಸುಕು ದಂಡೆಗುಂಟ ದಿಬ್ಬದಿಬ್ಬವಾಗಿ ನಿಂತಿದೆ. ಹೊಳೆ ತಂದು ಒಟ್ಟಿದ್ದು, ಬೇಸಿಗೆಯ ಗಾಳಿ ಎತ್ತರಿಸಿದ್ದು. ಸಮುದ್ರದ ದಂಡೆಯಲ್ಲಿ ಇಂಥ ದಿಬ್ಬಗಳಿದ್ದರೆ ನೋಡಲು ಜನ ಬರುತ್ತಾರಂತೆ. ನಮ್ಮಲ್ಲಿಗೆ ಲಾರಿಗಳು ಬರುತ್ತವೆ.

ಹಿಂದೆ ಒಂದು ಕಾಲದಲ್ಲಿ, ನಿಮ್ಮ ಕುರ್ಚಿಯಂಥದ್ದೇ ಕುರ್ಚಿಯಲ್ಲಿದ್ದ ಇನ್ನೊಬ್ಬ ಸಾಹೇಬರಿಗೆ ಈ ಉಸುಕು ಹಾರಿ ಹೊಲಗಳನ್ನು ಮುಚ್ಚಿಬಿಡುತ್ತದೆ ಎಂಬ ಚಿಂತೆ ಹತ್ತಿತು. ಹೊಲದವರಿಗೆ ಆ ಚಿಂತೆ ಇರಲಿಲ್ಲ, ಸಾಹೇಬರಿಗೆ ಇತ್ತು. ದಿಬ್ಬದ ಮೇಲೆಲ್ಲ ಬಳ್ಳಾರಿ ಜಾಲಿಯ ಬೀಜ ಎರಚಿಸಿದರು. ಆಮೇಲೆ ಅವರಿಗೆ ವರ್ಗವಾಯಿತು, ಜಾಲಿಗೆ ಆಗಲಿಲ್ಲ. ಕೆಲವೇ ವರ್ಷಗಳಲ್ಲಿ ಉಸುಕು ಕಾಣದಷ್ಟು ಮುಳ್ಳು ಬೆಳೆಯಿತು. ಕಲ್ಲಂಗಡಿ ಗುಂಡಿಗಳು ನೀರಂಚಿಗೆ ಸರಿದವು. ಬರೀ ಉಸುಕಿನ ಮೇಲೆ ಮೊಟ್ಟೆಯಿಡುವ ಹಳದಿ ಕೊಕ್ಕಿನ, ಕಪ್ಪು ತಲೆಯ ಹೊಳೆಹಕ್ಕಿ, ನಿಮ್ಮ ಫಲಕದಲ್ಲಿ ಅದಕ್ಕೆ ರೀವ ಎಂದು ಹೆಸರಿದೆ, ಬರುವುದನ್ನೇ ಬಿಟ್ಟಿತು. ಆದರೆ ಜನ ಯಾವುದರಲ್ಲಾದರೂ ಹೊಟ್ಟೆ ಹೊರೆಯಲೇಬೇಕಲ್ಲ. ನಮ್ಮ ಓಣಿಯ ಬಸಲಿಂಗಣ್ಣ ಆ ಜಾಲಿಯನ್ನೇ ಸುಟ್ಟು ಇದ್ದಲಿ ಮಾಡಿ ಮಾರುತ್ತಿದ್ದ. ಅವನ ಭಟ್ಟಿಯಲ್ಲಿ ನಮ್ಮ ಓಣಿಯ ಅರ್ಧ ಜನಕ್ಕೆ ಕೆಲಸವಿತ್ತು.

ಆಗ ಈ ಜಾಲಿ ತೆಗೆಸುವ ಯೋಜನೆ ಹಿಡಿದು ನೀವು ಬಂದಿರಿ. ಬೇರೆ ಸಾಹೇಬರಂತೆ ಜೀಪಿನಿಂದಲೇ ಮಾತಾಡಲಿಲ್ಲ. ಬೂಟು ಬಿಚ್ಚಿಟ್ಟು ಉಸುಕಿನಲ್ಲಿ ಬರಿಗಾಲಲ್ಲಿ ನಡೆದಿರಿ. ನಮ್ಮ ಅಂಗಳದ ಹೊರಸಿನ ಮೇಲೆ ಕೂತು ನನ್ನತ್ತೆ ಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಉಂಡಿರಿ. ಖಾರಕ್ಕೆ ನಿಮ್ಮ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ರೊಟ್ಟಿ ಕೇಳಿದಿರಿ. ಆ ಸಂಗತಿಯನ್ನು ಕರೆಮ್ಮ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ.

"ಅಮ್ಮಾ, ಮೊದಲು ಇಲ್ಲಿ ಹಕ್ಕಿಗಳು ಮೊಟ್ಟೆ ಇಡುತ್ತಿದ್ದವಾ?" ಎಂದು ಕೇಳಿದಿರಿ.

"ಇಡ್ತಿದ್ವೇನ್ರಿ ಸಾಹೇಬ್ರ, ಕಾಲಿಡಾಕ ಜಾಗ ಇರ್ತಿದ್ದಿಲ್ಲ. ಗುಂಡಿ ತೋಡಾಕ ಹೋದ್ರ ತಲಿಗೇ ಕುಕ್ಕಾಕ ಬರ್ತಿದ್ವು. ನಾವೂ ಬೈತಿದ್ವಿ, ಅವೂ ಬೈತಿದ್ವು."

"ಮತ್ತೆ ಮೊಟ್ಟೆಯನ್ನು ಏನು ಮಾಡುತ್ತಿದ್ದಿರಿ?"

"ಏನ್ ಮಾಡೂದ್ರಿ, ಸುತ್ತ ಮುಳ್ಳು ಒಗಿತಿದ್ವಿ. ನಾಯಿ, ಆಡು ಬರಬಾರ್ದು ನೋಡ್ರಿ. ಮಗ್ಗಲ್ದಾಗಿನ ಗುಂಡಿಗೆ ನೀರು ಹಾಕ್ತಿದ್ದಿಲ್ಲ. ಮರಿ ಓಡಾಡಾಕ ಹತ್ತಿದ ಮ್ಯಾಲೆ ಹಾಕೂದು. ಆ ಬಳ್ಳಿ ಒಣಗಿದ್ರ ಒಣಗಿತು."

ಇದು ನಮ್ಮ ಹೊಳೆಯ ಜನ ಹಿಂದಿನಿಂದ ನಡೆಸಿಕೊಂಡು ಬಂದ ಪದ್ಧತಿ. ದೊಡ್ಡ ತ್ಯಾಗವೇನಲ್ಲ. ಹಕ್ಕಿ ಕೂತ ಗುಂಡಿಯನ್ನು ತುಳಿದರೆ ಆ ವರ್ಷ ಹೊಳೆ ಮುನಿಯುತ್ತದೆ ಎಂಬ ಹೆದರಿಕೆಯೂ ಅದರಲ್ಲಿದೆ. ನನ್ನತ್ತೆಯನ್ನು ಪಕ್ಷಿತಜ್ಞೆ ಮಾಡಲು ನಾನು ಹೊರಟಿಲ್ಲ. ಆಕೆಗೆ ಕೊಕ್ಕರೆಗೂ ಬೆಳ್ಳಕ್ಕಿಗೂ ಇರುವ ವ್ಯತ್ಯಾಸ ಕೇಳಿದರೆ ದಿನಕ್ಕೊಂದು ಉತ್ತರ ಕೊಡುತ್ತಾಳೆ. ಆದರೆ ನೀವು ಆ ದಿನ ಇದನ್ನೆಲ್ಲ ತಲೆಯಾಡಿಸುತ್ತ ಕೇಳಿದಿರಿ. ಆಮೇಲೆ ಎಲ್ಲರ ಎದುರಿಗೆ ಹೇಳಿದಿರಿ: "ಮರ ಹೋದ ಮೇಲೆ ಈ ಮರಳು ಮತ್ತೆ ನಿಮ್ಮದೇ ಅಮ್ಮಾ. ನೀವು ಇಲ್ಲಿ ಕಲ್ಲಂಗಡಿ ಬೆಳೆದುಕೊಂಡಿದ್ದರೆ ತಾನೇ ಹಕ್ಕಿಗೂ ಕ್ಷೇಮ."

ಬಸಲಿಂಗಣ್ಣ ಒಬ್ಬನೇ ಎದ್ದು ನಿಂತ. "ಬರದು ಕೊಡ್ತೀರೇನ್ರಿ ಸಾಹೇಬ್ರ?" ಎಂದ. ನೀವು ನಕ್ಕು, "ನನ್ನ ಮಾತು ಸಾಲದೇ?" ಎಂದಿರಿ. ನಾವೆಲ್ಲ ಬಸಲಿಂಗಣ್ಣನ ಪರವಾಗಿ ನಾಚಿಕೊಂಡೆವು. ಮನೆಗೆ ಬಂದವರನ್ನು ಹೀಗೆ ಕೇಳುವುದೇ ಎಂದು ಕರೆಮ್ಮ ಅವನಿಗೆ ಗದರಿದಳು. ಈಗ ಹೇಳಿ, ಆ ದಿನ ಆ ಗುಂಪಿನಲ್ಲಿ ಬುದ್ಧಿವಂತ ಯಾರು?

ಗಿಡ ತೆಗೆಸುವ ಸುದ್ದಿ ಹಬ್ಬಿದಾಗ ಯಾದಗಿರಿಯ ಕೆಲವು ಹಿತೈಷಿಗಳು ಫಲಕ ಹಿಡಿದು ಬಂದರು. ನಲವತ್ತು ದಾಟುವ ಬಿಸಿಲಿನ ಸೀಮೆಯಲ್ಲಿ ಇರುವ ಹಸಿರನ್ನೂ ಕಡಿಯುವುದೇ ಎಂದು ಕೇಳಿದರು. ಅವರ ಕಳಕಳಿ ಸುಳ್ಳಲ್ಲ. ಅಂಗಡಿಗೆ ಬಟ್ಟೆ ಕೊಡಲು ಬಂದ ಹೆಣ್ಣುಮಕ್ಕಳೊಂದಿಗೂ ನಾನು ನಿಮ್ಮ ಪರವಾಗಿ ವಾದಿಸಿದೆ. ಹಸಿರೆಲ್ಲ ಒಂದೇ ಅಲ್ಲ, ಉಸುಕಿನ ದಿಬ್ಬ ಖಾಲಿ ಜಾಗವಲ್ಲ, ಬೋಳಾಗಿರುವುದೇ ಅದರ ಬಾಳು, ಅಲ್ಲಿ ಮೊಟ್ಟೆಯಿಡುವ ಹಕ್ಕಿಗೆ ನೆರಳು ಬೇಡ, ದೂರದವರೆಗೆ ಕಾಣುವ ಬಯಲು ಬೇಕು ಎಂದೆಲ್ಲ ನೀವು ಹೇಳಿದ್ದನ್ನೇ ಹೇಳಿದೆ. ಇವತ್ತಿಗೂ ಹೇಳುತ್ತೇನೆ, ಜಾಲಿ ತೆಗೆಸಿದ್ದು ತಪ್ಪಲ್ಲ. ನನ್ನ ಜಗಳ ಜಾಲಿಯ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ನಿಮ್ಮ ಮಾತನ್ನು ಊರಿಗೆ ಮುಟ್ಟಿಸಿದವಳು ನಾನು. ಬಸಲಿಂಗಣ್ಣನ ಹೆಂಡತಿಯ ಹತ್ತಿರ ಕೂತು, ಭಟ್ಟಿ ಹೋದರೂ ಉಸುಕು ಬರುತ್ತದೆ, ಇಬ್ಬರೂ ಕಲ್ಲಂಗಡಿ ಹಾಕಿರಿ ಎಂದು ಒಪ್ಪಿಸಿದವಳೂ ನಾನೇ.

ನಿಮ್ಮ ಯಂತ್ರಗಳು ಬಂದು ಗಿಡಗಳನ್ನು ಬುಡಸಮೇತ ಎಳೆದವು, ಸರಿ. ಆದರೆ ಜಾಲಿ ಯಂತ್ರಕ್ಕೆ ಸೋಲುವ ಜಾತಿಯಲ್ಲ. ಉಳಿದ ಬೇರು ಮತ್ತೆ ಚಿಗುರಿತು, ಬಿದ್ದ ಬೀಜ ಮೊದಲ ಮಳೆಗೇ ಮೊಳೆಯಿತು. ಅದನ್ನು ಕಿತ್ತವರು ನಮ್ಮ ಓಣಿಯ ಹೆಂಗಸರು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಗುದ್ದಲಿ ಹಿಡಿದು ಹೋಗಿ, ಬಿಸಿಲೇರುವ ತನಕ ಕಿತ್ತರು. ಕರೆಮ್ಮನ ಅಂಗೈಯಲ್ಲಿ ಮುಳ್ಳು ಮುರಿದು ಕೀವಾಯಿತು. ಆಸ್ಪತ್ರೆಗೆ ನಡಿ ಎಂದರೆ, "ಸಾಹೇಬ್ರು ಮುಂದಿನ ವಾರ ಬರ್ತಾರ, ಆ ಮೂಲ್ಯಾಗ ಜಾಲಿ ಹಂಗ ಉಳದೈತಿ" ಎಂದು ಇನ್ನೊಂದು ಕೈಯಲ್ಲಿ ಗುದ್ದಲಿ ಹಿಡಿದಳು. ಎಷ್ಟೋ ವರ್ಷದ ಮೇಲೆ ನನ್ನತ್ತೆ ಅಷ್ಟು ಸಂತೋಷದಲ್ಲಿ ಇದ್ದದ್ದನ್ನು ಆ ಮಳೆಗಾಲದಲ್ಲಿ ನೋಡಿದೆ.

ಮರುಬೇಸಿಗೆಯಲ್ಲಿ ಹಕ್ಕಿಗಳು ಬಂದವು. ಕರೆಮ್ಮ ಸುದ್ದಿ ಕಳಿಸಿದಳು, ನೀವು ಫೋಟೋದವನನ್ನು ಕರೆದುಕೊಂಡು ಬಂದಿರಿ. ಮೊಟ್ಟೆಗಳ ಸುತ್ತ ಮುಳ್ಳು ಇಡುತ್ತಿರುವ ಆಕೆಯ ಕೈಗಳನ್ನು ಹತ್ತಿರದಿಂದ ತೆಗೆಸಿದಿರಿ. ಆ ಫೋಟೋ ಈಗ ದಿಬ್ಬದ ಬಾಗಿಲಲ್ಲಿ ದೊಡ್ಡ ಫಲಕದ ಮೇಲಿದೆ. "ಸ್ಥಳೀಯರ ಸಹಭಾಗಿತ್ವದಲ್ಲಿ" ಎಂದು ಅದರ ಮೇಲೆ ಬರೆದಿದೆ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ "ಸಾರ್ವಜನಿಕರ ಪ್ರವೇಶ ನಿಷೇಧಿಸಿದೆ" ಎಂದಿದೆ. ಕೈಗಳಿಗೆ ಸ್ವಾಗತ, ಕೈಗಳ ಒಡತಿಗೆ ನಿಷೇಧ. ಈ ಎರಡು ಸಾಲುಗಳನ್ನು ಒಂದೇ ಫಲಕದ ಮೇಲೆ ಬರೆಸಿದವರಿಗೆ ನಗು ಬರಲಿಲ್ಲವೇ?

ಆ ಫಲಕದ ಜೊತೆಗೇ ಬಂದದ್ದು ತಂತಿ ಬೇಲಿ. ಇಲ್ಲಿ ನಮ್ಮವರ ಒಂದು ತಿಳಿಗೇಡಿತನವನ್ನು ನಿಮಗೆ ವಿವರಿಸಬೇಕು, ಯಾಕೆಂದರೆ ಕೇಸು ನಿಂತಿರುವುದೇ ಅದರ ಮೇಲೆ. ನಮ್ಮ ಹೊಳೆದಂಡೆಯಲ್ಲಿ ಬೇಲಿ ಎಂದರೆ ಆಡಿಗೆ, ದನಕ್ಕೆ, ನಾಯಿಗೆ. ಕಲ್ಲಂಗಡಿ ಬಳ್ಳಿಗೆ ಯಾರೇ ಮುಳ್ಳುಬೇಲಿ ಹಚ್ಚಲಿ, ಒಂದು ಮೂಲೆಯಲ್ಲಿ ಮನುಷ್ಯ ಅಡ್ಡಡ್ಡ ಹಾಯುವಷ್ಟು ಸಂದು ಬಿಟ್ಟೇ ಹಚ್ಚುತ್ತಾರೆ. ಇನ್ನೊಬ್ಬರ ಬಳ್ಳಿಗೆ ನೀರು ಕಡಿಮೆಯಾಗಿದ್ದು ಕಂಡರೆ ದಾರಿಹೋಕನೂ ಒಳಹೊಕ್ಕು ಒಂದು ಕೊಡ ಹಾಕಿ ಹೋಗುವುದಿದೆ. ಮನುಷ್ಯರನ್ನೇ ತಡೆಯಲು ಯಾರಾದರೂ ಬೇಲಿ ಹಾಕುತ್ತಾರೆ ಎಂಬುದು ಕರೆಮ್ಮನ ತಲೆಗೆ ಹೊಳೆಯುವ ವಿಷಯವೇ ಅಲ್ಲ. ನಿಮ್ಮ ಗುತ್ತಿಗೆದಾರನ ಆಳುಗಳು ತಂತಿ ಎಳೆಯುವಾಗ ಆಕೆ ಅವರಿಗೆ ನೀರು ಕೊಟ್ಟು ಹೇಳಿದ್ದು ಇಷ್ಟು:

"ಚಲೋ ಆತು ನೋಡ್ರಪ್ಪಾ, ಆಡಿನ ಕಾಟ ತಪ್ಪಿತು. ಆದ್ರ ಸಂದು ಬಿಡೂದು ಮರ್ತೀರಿ."

ಅವರು ನಕ್ಕರು. ಆಕೆ, ಪಾಪ, ಬೇರೆ ಊರಿನ ಹುಡುಗರು, ಕೆಲಸ ಗೊತ್ತಿಲ್ಲ ಎಂದುಕೊಂಡಳು. ಮರುದಿನದಿಂದ ತಂತಿಯನ್ನು ಎತ್ತಿ ತಾನೇ ನುಸುಳಿ ಹೋಗಿ ಜಾಲಿಯ ಮೊಳಕೆ ಕೀಳತೊಡಗಿದಳು. ಆ ವರ್ಷದ ಕಲ್ಲಂಗಡಿ ಗುಂಡಿ ತೋಡುವ ಕಾಲಕ್ಕೆ ನಿಮ್ಮ ಕಾವಲುಗಾರ ಬಂದು ಎಲ್ಲರನ್ನೂ ಹೊರಹಾಕಿದ. ಗುಂಡಿ ಬೇಡ ಎಂದರೆ ಬೇಡ, ಸಾಹೇಬರು ಬಂದ ಮೇಲೆ ಸರಿಹೋಗುತ್ತದೆ ಎಂದು ಕರೆಮ್ಮ ಓಣಿಯವರನ್ನೇ ಸಮಾಧಾನ ಮಾಡಿದಳು. ಸಾಹೇಬರು ಬರಲಿಲ್ಲ. ಬಸಲಿಂಗಣ್ಣ ನನ್ನ ಅಂಗಡಿಯ ಮುಂದೆ ನಿಂತು, "ತಂಗೀ, ಭಟ್ಟೀನೂ ಹೋತು, ಉಸುಕೂ ಹೋತು. ಈಗ ನಿನ್ನ ಮಾತು ತಗೊಂಡು ಏನ್ ಸುಡ್ಲಿ?" ಎಂದು ಕೇಳಿದ. ಅದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಅವನಿಗೆ ಕಳಿಸಿ, ಅವನು ಈಗ ಶಹಾಪುರದಲ್ಲಿ ಹತ್ತಿ ಮೂಟೆ ಹೊರುತ್ತಾನೆ.

ಈ ಏಪ್ರಿಲ್‌ನಲ್ಲಿ ನಡೆದದ್ದನ್ನು ನಿಮ್ಮ ದೂರಿನಲ್ಲಿ ಬಹಳ ಚೆಂದದ ಕನ್ನಡದಲ್ಲಿ ಬರೆದಿದ್ದೀರಿ. ನಾನು ನನ್ನ ಕನ್ನಡದಲ್ಲಿ ಬರೆಯುತ್ತೇನೆ. ಮೇಲಿನ ಬ್ಯಾರೇಜಿನಿಂದ ನೀರು ಬಿಟ್ಟರು. ಡಂಗುರವಿಲ್ಲ, ಫೋನಿಲ್ಲ. ಬಟ್ಟೆ ಒಗೆಯಲು ಹೋದ ಚಮನಬೀ ಓಡಿಬಂದು, "ಕರೆಮ್ಮಕ್ಕಾ, ಹೊಳಿ ಏರಾಕತ್ತೈತಿ, ಕೆಳಗಿನ ಉಸುಕು ಮುಣಗಾಕತ್ತೈತಿ" ಎಂದಳು. ಕೆಳಗಿನ ಉಸುಕಿನಲ್ಲಿ ಹಕ್ಕಿಗಳು ಕೂತಿದ್ದವು. ಕರೆಮ್ಮ ಹಿಟ್ಟಿನ ಕೈಯಲ್ಲೇ ಎದ್ದಳು, ತಂತಿ ಎತ್ತಿದಳು, ನುಸುಳಿದಳು. ನೀರು ಮುಟ್ಟುವಂತಿದ್ದ ಮೂರು ಮೊಟ್ಟೆಗಳನ್ನು ಉಡಿಯಲ್ಲಿ ಹಾಕಿಕೊಂಡು ಮೇಲಿನ ಉಸುಕಿಗೆ ಹೊರಟಳು. ಹೀಗೆ ಎತ್ತಿಟ್ಟ ಮೊಟ್ಟೆಯ ಮೇಲೆ ಹಕ್ಕಿ ಮತ್ತೆ ಕೂರುತ್ತದೆಯೇ ಎಂದು ಕೇಳಿದರೆ, ಕೆಲವು ಸಲ ಕೂತಿದೆ, ಎಷ್ಟೋ ಸಲ ಬಿಟ್ಟು ಹೋಗಿದೆ. ನೀರಲ್ಲಿ ಹೋದದ್ದು ಮಾತ್ರ ಯಾವತ್ತೂ ಮರಿಯಾಗಿಲ್ಲ. ಇಷ್ಟೇ ಆಕೆಯ ಲೆಕ್ಕಾಚಾರ.

ಕಾವಲುಗಾರ ದಾರಿಯಲ್ಲೇ ಹಿಡಿದ. ಸೆರಗು ಬಿಚ್ಚು ಎಂದ. ಮಗನ ವಯಸ್ಸಿನವನ ಮುಂದೆ ಆಕೆ ಉಡಿ ಬಿಚ್ಚಿ ತೋರಿಸಿದಳು, ಮುಚ್ಚಿಡುವುದು ಏನೂ ಇರಲಿಲ್ಲವಾದ್ದರಿಂದ. "ತಮ್ಮಾ, ಮೊದ್ಲು ಇವನ್ನ ಮ್ಯಾಲ ಇಟ್ಟು ಬರೋಣು, ಆಮ್ಯಾಲ ಎಲ್ಲಿಗಿ ಕರದ್ರೂ ಬರ್ತೀನಿ" ಎಂದಳಂತೆ. ಅವನು ಬಿಡಲಿಲ್ಲ. ಮೊಟ್ಟೆಗಳನ್ನು ಮುದ್ದೆಮಾಲು ಎಂದು ಜಪ್ತಿ ಮಾಡಿ, ಬಟ್ಟೆಯಲ್ಲಿ ಸುತ್ತಿ, ಆಕೆಯ ಜೊತೆ ನಿಮ್ಮ ಕಚೇರಿಗೆ ತಂದರು. ನಾನು ಅಂಗಡಿ ಮುಚ್ಚಿ ಓಡಿಬಂದಾಗ ಕರೆಮ್ಮ ವರಾಂಡದಲ್ಲಿ ನೆಲದ ಮೇಲೆ ಕೂತಿದ್ದಳು. ಮೊಟ್ಟೆಗಳು ಒಳಗೆ ಮೇಜಿನ ಮೇಲೆ ಫ್ಯಾನಿನ ಕೆಳಗಿದ್ದವು. ಅವುಗಳ ಮೇಲೆ ಚೀಟಿ ಅಂಟಿಸಿ ಮೊಹರು ಹಾಕಿದ್ದರು. ಹಕ್ಕಿಯ ಮೊಟ್ಟೆಗೆ ಕಾವು ಬೇಕು, ಮೊಹರಲ್ಲ ಎಂದು ನಿಮ್ಮ ಯೋಜನೆಯಲ್ಲಿ ಯಾರಿಗೂ ತಿಳಿದಿರಲಿಲ್ಲವೇ? ಸಂಜೆಯ ಹೊತ್ತಿಗೆ ಕೆಳಗಿನ ಉಸುಕೆಲ್ಲ ನೀರೊಳಗೆ ಹೋಗಿತ್ತು. ಅಲ್ಲಿದ್ದ ಉಳಿದ ಮೊಟ್ಟೆಗಳ ಮೇಲೆ ಯಾರ ಕೇಸೂ ಇಲ್ಲ. ಮುಳುಗಿಸಿದವರಿಗೆ ನೋಟಿಸಿಲ್ಲ, ಎತ್ತಿಕೊಂಡವಳಿಗೆ ಕೋರ್ಟಿನ ವಾಯಿದೆ.

ಈಗ ನಿಮ್ಮ ರಕ್ಷಿತ ದಿಬ್ಬ ಹೇಗಿದೆ ಎಂದು ಬೇಲಿಯ ಹೊರಗಿನಿಂದಲೇ ನೋಡಿ ಹೇಳುತ್ತೇನೆ. ಜಾಲಿ ಮೊಣಕಾಲೆತ್ತರ ಬಂದಿದೆ. ಕೀಳುವವರಿಗೆ ಪ್ರವೇಶವಿಲ್ಲ, ಬೆಳೆಯುವುದಕ್ಕೆ ಜಾಲಿಗೆ ಪರವಾನಗಿ ಬೇಕಿಲ್ಲ. ಇನ್ನೆರಡು ಮಳೆಗಾಲ ಕಳೆದರೆ ಅಲ್ಲಿ ಮತ್ತೆ ಮುಳ್ಳಿನ ಕಾಡು ಇರುತ್ತದೆ. ಆಗ ನಿಮಗೆ ವರ್ಗವಾಗಿರುತ್ತದೆ, ಇನ್ನೊಬ್ಬ ಸಾಹೇಬರು ಬೂಟು ಬಿಚ್ಚಿಟ್ಟು ಬರುತ್ತಾರೆ, ಇನ್ನೊಂದು ಯೋಜನೆಯನ್ನು ಇನ್ಯಾವುದೋ ಅಂಗಳದಲ್ಲಿ ಕೂತು ವಿವರಿಸುತ್ತಾರೆ. ಆ ಅಂಗಳ ನಮ್ಮದಾಗಿರುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ನಮ್ಮ ವಕೀಲರು ಲಕ್ಷ್ಮಿಕಾಂತ, ಒಳ್ಳೆಯ ಮನುಷ್ಯ. ಯಾದಗಿರಿ ಕೋರ್ಟಿನ ಕಟ್ಟೆಯ ಮೇಲೆ ಕೂತು ಕರೆಮ್ಮನಿಗೆ ತಿಳಿಹೇಳಿದರು.

"ನೋಡ್ರಿ ಅವ್ವಾರ, ತಪ್ಪಾತ್ರಿ ಅಂತ ಒಪ್ಪಿಕೊಂಡುಬಿಡ್ರಿ. ವಯಸ್ಸು ನೋಡಿ ಜಡ್ಜ್ ಸಾಹೇಬ್ರು ಸಣ್ಣ ದಂಡ ಹಾಕಿ ಬಿಟ್ಟುಬಿಡ್ತಾರ. ಇಲ್ಲಂದ್ರ ವರ್ಷಗಟ್ಟಲೆ ತಿರುಗಬೇಕಾಗ್ತದ."

"ತಂತಿ ಎತ್ತಿದ್ದು ಹೌದ್ರಿ. ಅದನ್ನ ಬೇಕಾದಷ್ಟು ಸಲ ಒಪ್ಕೋತೀನಿ. ಮೊಟ್ಟಿ ಕದ್ದೀನಿ ಅಂತ ಹ್ಯಾಂಗ ಅನ್ಲಿ? ನಾಳೆ ಹೊಳ್ಯಾಗ ನಿಂತು ಮಾರಿ ತೊಳ್ಕೋಬೇಕಲ್ರಿ ನಾನು."

"ಹಂಗಂದ್ರ ಸಾಕ್ಷಿ ಬೇಕಾಗ್ತಾರ."

ಆಗ ನನ್ನತ್ತೆ ಹೇಳಿದ ಮಾತಿಗಾಗಿಯೇ ನಾನು ಈ ಪತ್ರ ಬರೆಯಲು ಕೂತದ್ದು. ಆಕೆಯ ಮುಖ ಬೆಳಗಿತು. "ಸಾಕ್ಷಿಗೇನ್ರಿ ಕಮ್ಮಿ, ನಮ್ಮ ಸಾಹೇಬ್ರು ಅದಾರಲ್ರಿ. ಅವರಿಗಿ ನಾನೇ ಎಲ್ಲಾ ತೋರ್ಸೀನಿ. ಈ ಕೇಸಿಂದು ಅವರ ಕಿವಿಗಿ ಬಿದ್ದಿಲ್ಲ, ಬಿದ್ದಿದ್ರ ಸುಮ್ನ ಇರ್ತಿದ್ದಿಲ್ಲ" ಎಂದಳು. ವಕೀಲರು ನನ್ನ ಮುಖ ನೋಡಿದರು. ನಾನು ಕೋರ್ಟಿನ ಬೇವಿನ ಗಿಡ ನೋಡಿದೆ. ದೂರಿನ ಕೆಳಗಿರುವ ರುಜು ಯಾರದು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮಾನ್ಯರೇ, ಮೋಸ ಹೋಗುವುದು ನಮಗೆ ಹೊಸದಲ್ಲ. ನೋಡಿದ ಕೂಡಲೇ ಮೋಸಗಾರ ಎಂದು ಗೊತ್ತಾಗುವವರಿಂದ ಮೋಸ ಹೋದರೆ ಎರಡು ದಿನ ಬೈದು ಸುಮ್ಮನಾಗುತ್ತೇವೆ. ನೀವು ಒಳ್ಳೆಯವರಾಗಿ ಬಂದಿರಿ. ನಮ್ಮ ಖಾರ ತಿಂದಿರಿ, ನಮ್ಮ ಮಾತು ಕೇಳಿದಿರಿ, ಕೇಳಿದ್ದನ್ನು ನಿಮ್ಮ ವರದಿಯಲ್ಲಿ ಬಳಸಿಕೊಂಡಿರಿ, ಆಮೇಲೆ ಅದನ್ನೇ ಅಪರಾಧವೆಂದು ಬರೆದು ರುಜು ಹಾಕಿದಿರಿ. ನನಗೆ ನಿಮ್ಮ ಮೇಲೆ ಸಿಟ್ಟಿದೆ. ಸಿಟ್ಟಿಗಿಂತ ಹೆಚ್ಚಾಗಿ ನೋವಿದೆ, ಯಾಕೆಂದರೆ ನಾನೂ ನಿಮ್ಮನ್ನು ಬಹಳ ಮೆಚ್ಚಿದ್ದೆ. ರುಜು ಹಾಕುವಾಗ ಹೆಸರು ಓದಿದಿರೋ ಇಲ್ಲವೋ, ಅದೊಂದನ್ನು ತಿಳಿಯುವ ಆಸೆ ಇದೆ. ಓದದೇ ಹಾಕಿದ್ದರೆ ನಿಮಗೆ ಆಕೆ ಯಾರೂ ಅಲ್ಲ. ಓದಿ ಹಾಕಿದ್ದರೆ ಏನೆಂದು ಬರೆಯಬೇಕೋ ನನಗೆ ತೋಚುತ್ತಿಲ್ಲ.

ನಾವು ಕೇಳುವುದು ಹೆಚ್ಚಿಲ್ಲ. ಕರೆಮ್ಮನ ಮೇಲಿನ ಕೇಸನ್ನು ವಾಪಸು ತೆಗೆಯಲು ನಿಮ್ಮಿಂದ ಆಗುವುದನ್ನೆಲ್ಲ ಮಾಡಿ. ಜಾಲಿ ಕಿತ್ತವರಿಗೆ ಬೇಸಿಗೆಯಲ್ಲಿ ಕಲ್ಲಂಗಡಿ ಬೆಳೆಯುವ ಹಕ್ಕನ್ನು, ಬಸಲಿಂಗಣ್ಣ ಅಂದೇ ಕೇಳಿದಂತೆ, ಬರೆದು ಕೊಡಿ. ಕೇಸು ತೆಗೆಯುವುದು ನಿಮ್ಮ ಕೈಯಲ್ಲಿಲ್ಲ ಎನ್ನುವುದಾದರೆ ಮುಂದಿನ ವಾಯಿದೆಗೆ ಕೋರ್ಟಿಗೆ ಬಂದು, ಆಕೆ ನಿಮಗೆ ತೋರಿಸಿದ್ದೇನು, ನೀವು ಆಕೆಗೆ ಹೇಳಿದ್ದೇನು ಎಂಬುದನ್ನು ನ್ಯಾಯಾಧೀಶರ ಎದುರು ಹೇಳಿ.

ಅದೂ ಆಗದಿದ್ದರೆ ಇನ್ನೊಂದೇ ಉಳಿಯುತ್ತದೆ, ನಮ್ಮ ಮನೆಗೆ ಬನ್ನಿ. ಆ ರುಜು ನಿಮ್ಮದೆಂದು ಆಕೆಗೆ ನಾನು ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ, ಮತ್ತು ಅದು ನನ್ನ ಕೆಲಸವೂ ಅಲ್ಲ. ಈ ಪತ್ರ ಅಚ್ಚಾದ ದಿನ ಊರಿನಲ್ಲಿ ಯಾರಾದರೂ ಆಕೆಗೆ ಓದಿ ಹೇಳುತ್ತಾರೆ. ಅವರು ಓದಿ ಹೇಳುವ ಮೊದಲು ನೀವು ಬಂದು, ಆಕೆಯ ಎದುರಿಗೆ ಕೂತು, ನಿಮ್ಮ ಬಾಯಿಂದಲೇ ಹೇಳಿ. ಹಾಗೆ ಬಂದರೆ ಆಕೆ ನಿಮ್ಮನ್ನು ಬೈಯುವುದಿಲ್ಲ. ಮೊದಲು ಊಟ ಮಾಡಿರಿ ಎನ್ನುತ್ತಾಳೆ. ಅದನ್ನು ನೀವು ಹೇಗೆ ನುಂಗುತ್ತೀರೋ, ನೋಡಬೇಕು.

ಇಂತಿ,
ಅತ್ತೆಯ ಎದುರು ಇನ್ನೂ ಬಾಯಿ ಬಿಡದ ಸೊಸೆ,
ಮೌನೇಶ್ವರಿ
ಸ್ಟೇಷನ್ ರಸ್ತೆ, ಯಾದಗಿರಿ